27,000 ರೂಪಾಯಿಯ ವ್ಯತ್ಯಾಸ

ಕಾಸರಗೋಡಿನ ಒಳಊರಿನ ಸಹಕಾರಿ ಸಂಘವೊಂದಕ್ಕೆ ಗುಮಾಸ್ತನಾಗಿ ಸೇರಿದ ಮೇಲೆ ನನಗೆ ಬಂದ ಮೊದಲ ಮಾರ್ಚ್ ಅದು. ಸಂಘಕ್ಕೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ತಾಳೆಪಟ್ಟಿ, ಅಂದರೆ ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್, ಕ್ರೆಡಿಟ್ ಎಂದು ಎರಡು ಬದಿಯಲ್ಲಿ ಇಳಿಸುವ ಪಟ್ಟಿ, ಬರೆದು ಕೂಡಿಸಿದೆ. ಎರಡೂ ಬದಿಯ ಮೊತ್ತ ಒಂದೇ ಬರಬೇಕು. ಡೆಬಿಟ್ ಬದಿ 7,18,46,295. ಕ್ರೆಡಿಟ್ ಬದಿ 7,18,19,295. ಸರಿಯಾಗಿ 27,000 ಕಮ್ಮಿ.

ಎರಡು ದಿನ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಕೂಡಿಸಿದೆ. ಏಳು ಕೋಟಿ ಎಂಬ ಗಾತ್ರವೇ ಎದೆ ನಡುಗಿಸುತ್ತಿತ್ತು. ಮೂರನೇ ದಿನ ಹಿರಿಯ ಲೆಕ್ಕಿಗರು ಬಂದರು. ಲೆಡ್ಜರ್ ಮುಟ್ಟಲೇ ಇಲ್ಲ. "ವ್ಯತ್ಯಾಸ ಒಂಬತ್ತರಲ್ಲಿ ಹೋಗ್ತದಾ?" ಎಂದಷ್ಟೇ ಕೇಳಿದರು.

ಹೋಗ್ತದೆ, ಮೂರು ಸಾವಿರ ಸಲ. ಎರಡೂ ಮೊತ್ತಗಳ ಅಂಕಿಗಳನ್ನು ಕೂಡಿಸಿ ನೋಡಿದರೆ ಎರಡೂ ಕಡೆ 42. ಎರಡನ್ನೂ ಒಂಬತ್ತರಿಂದ ಭಾಗಿಸಿದರೆ ಉಳಿಯುವುದು 6. ಯಾವುದೋ ಸಂಖ್ಯೆಯಲ್ಲಿ ಅಂಕಿಗಳು ಜಾಗ ಬದಲಿಸಿದ್ದರೆ ಹೀಗೇ ಆಗಬೇಕು. 63ರಿಂದ 36 ಕಳೆದರೆ 27, 82ರಿಂದ 28 ಕಳೆದರೆ 54. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಸಿಗುವ ವ್ಯತ್ಯಾಸ ಆ ಎರಡು ಅಂಕಿಗಳ ಅಂತರದ ಒಂಬತ್ತರಷ್ಟು, ಅದರ ಹಿಂದೆ ಬೇಕಾದಷ್ಟು ಸೊನ್ನೆ.

ಸೊನ್ನೆ ಬಿಟ್ಟುಹೋದರೂ ಒಂಬತ್ತೇ ಬರುತ್ತದೆ ಎನ್ನುವುದನ್ನು ಮರೆಯಬಾರದು. 30,000 ಬರೆಯುವಲ್ಲಿ 3,000 ಬರೆದರೆ ವ್ಯತ್ಯಾಸ ಅದೇ 27,000. ಹಾಗಾಗಿ ಮೊದಲು 3,000 ಇರುವ ಸಾಲು ಹುಡುಕಿದೆ. ಇರಲಿಲ್ಲ. ಆಮೇಲೆ, 27 ಒಂಬತ್ತರ ಮೂರರಷ್ಟಾದ್ದರಿಂದ, ಕ್ರೆಡಿಟ್ ಬದಿಯಲ್ಲಿ ಹತ್ತುಸಾವಿರದ ಸ್ಥಾನದ ಅಂಕಿಗಿಂತ ಸಾವಿರದ ಸ್ಥಾನದ ಅಂಕಿ ಮೂರು ಹೆಚ್ಚಿರುವ ಸಾಲುಗಳು. 03, 14, 25, 36, 47, 58, 69 – ಇಷ್ಟೇ ಜೋಡಿ. ನೂರಾರು ಸಾಲಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ಸದಸ್ಯರ ಠೇವಣಿಯ ಎದುರು ನನ್ನದೇ ಕೈಬರಹದಲ್ಲಿ 84,36,520 ಇತ್ತು. ಠೇವಣಿ ಪುಸ್ತಕದಲ್ಲಿ 84,63,520.

ನನ್ನ ಜೊತೆಗಾರ ಮಲಯಾಳದಲ್ಲಿ 'ಅರುಪತ್ತಿಮೂನ್ನ್' ಎಂದು ಓದಿದ್ದ, ನಾನು ಕನ್ನಡದಲ್ಲಿ ಕೇಳಿಸಿಕೊಂಡು ಬರೆದಿದ್ದೆ. ಅರುವತ್ತಮೂರು, ಮೂವತ್ತಾರು, ಎರಡರಲ್ಲೂ ಇರುವುದು ಅದೇ ಆರು, ಅದೇ ಮೂರು. ಎರಡು ಭಾಷೆಯಲ್ಲಿ ಎಣಿಸುವ ನಮ್ಮೂರಲ್ಲಿ ಇದು ಸುಲಭವಾಗಿ ಆಗುವ ತಪ್ಪು. ಅಂದಿನಿಂದ ದೊಡ್ಡ ಮೊತ್ತವನ್ನು ಒಂದೊಂದೇ ಅಂಕಿಯಾಗಿ ಓದಿಸುತ್ತೇನೆ: ಎಂಟು, ನಾಲ್ಕು, ಆರು, ಮೂರು.

ವ್ಯತ್ಯಾಸ ಒಂಬತ್ತರಲ್ಲಿ ಹೋಗದಿದ್ದರೆ ಅದರ ಅರ್ಧವನ್ನು ಹುಡುಕುತ್ತೇನೆ, ಡೆಬಿಟ್‌ಗೆ ಹೋಗಬೇಕಾದ್ದು ಕ್ರೆಡಿಟ್‌ಗೆ ಹೋದರೆ ಅದು ದುಪ್ಪಟ್ಟಾಗಿ ಕಾಣುತ್ತದೆ. ಒಂಬತ್ತರ ಜೊತೆ ಹನ್ನೊಂದರಲ್ಲೂ ಹೋದರೆ ಇನ್ನೂ ಖುಷಿ. ನಡುವೆ ಒಂದು ಅಂಕಿ ಬಿಟ್ಟು ಆಚೀಚಿನವು ಅದಲುಬದಲಾದರೆ ವ್ಯತ್ಯಾಸ 99ರ ಗುಣಕ, ಅಂದರೆ ಒಂಬತ್ತು ಹನ್ನೊಂದಲೆ.

ಈಗ ಸಾಫ್ಟ್‌ವೇರ್ ಉಂಟು, ತಾಳೆಪಟ್ಟಿ ತಾನಾಗಿ ತಾಳೆಯಾಗುತ್ತದೆ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸುವಾಗ ಟೈಪ್ ಮಾಡಿದ ಬೆರಳಿನ ತಪ್ಪು ಹಾಗೇ ಹೊರಬರುತ್ತದೆ. ಕಳೆದ ತಿಂಗಳು 1,980 ರೂಪಾಯಿ ಕೂಡಿಬರಲಿಲ್ಲ. ಹೊಸದಾಗಿ ಸೇರಿದ ಹುಡುಗಿ ಕ್ಯಾಲ್ಕುಲೇಟರಿನಲ್ಲಿ 99ರಿಂದ ಭಾಗಿಸಿ "ಇಪ್ಪತ್ತು" ಎಂದಳು. ಅಂದರೆ ಸಾವಿರದ ಮತ್ತು ಹತ್ತರ ಸ್ಥಾನದ ಅಂಕಿಗಳಿಗೆ ಎರಡರ ಅಂತರ. ಚೆಕ್‌ಬುಕ್ಕಿನಲ್ಲಿ ಉಳಿದ ಅರೆಹಾಳೆಗಳನ್ನು (ಕೌಂಟರ್‌ಫಾಯಿಲ್) ಮಗುಚುತ್ತಾ ಹೋದಳು: 7,350 ಎಂದಿದ್ದ ಚೆಕ್ಕು ನಮ್ಮ ಪುಸ್ತಕದಲ್ಲಿ 5,370 ಆಗಿತ್ತು.