ಮಧುಗಿರಿ ಬಂಡೆಯ ಮೈ

ಮಧುಗಿರಿ ಏಕಶಿಲಾ ಬೆಟ್ಟದ ಮುಂದೆ ನಿಂತರೆ ಎಲ್ಲರ ಕೈಯೂ ಮೊದಲು ವೈಡ್ ಲೆನ್ಸ್‌ಗೇ ಹೋಗುತ್ತೆ. ಬೆಟ್ಟವೇನೋ ಫ್ರೇಮಿನೊಳಗೆ ಬರುತ್ತೆ, ಬಂಡೆಯ ಮೈ ಮಾತ್ರ ಸಿಗಲ್ಲ. ಒಂದಡಿ ದೂರಕ್ಕೆ ಬಗ್ಗಿ ನೋಡಿ: ಗ್ರಾನೈಟಿನ ಬಿಳಿ, ಬೂದು ಕಣಗಳ ನಡುವೆ ಮಿನುಗುವ ಕಪ್ಪು ಅಭ್ರಕ, ಮೇಲೆ ಚಕ್ರದ ಹಾಗೆ ಹರಡಿದ ಕಲ್ಲುಹೂವು (ಬಂಡೆಗೆ ಅಂಟಿ ಬೆಳೆಯುವ ಲೈಕನ್).

ಇದಕ್ಕೆ ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯ ಓರೆ ಬಿಸಿಲೇ ಬೇಕು. ಹತ್ತು ಗಂಟೆಯ ಹೊತ್ತಿಗೆ ನೆರಳು ಸತ್ತು ಉಬ್ಬುತಗ್ಗೆಲ್ಲ ಚಪ್ಪಟೆ. ಇಷ್ಟು ಹತ್ತಿರದಲ್ಲಿ ಫೋಕಸ್ ನಿಲ್ಲುವ ಆಳ ತೀರಾ ಕಡಿಮೆ, ಹಾಗಾಗಿ ಕ್ಯಾಮೆರಾದ ಬೆನ್ನು ಬಂಡೆಗೆ ಸಮಾನಾಂತರ ಇರಲಿ. ಸ್ವಲ್ಪ ವಾಲಿದರೂ ಒಂದು ಅಂಚು ಮಸುಕು. ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ, ಎಫ್/8ರಿಂದ ಎಫ್/11 ಸಾಕು. ಎಫ್/22ಕ್ಕೆ ಹೋದರೆ ಕಿಂಡಿ ತೀರಾ ಕಿರಿದಾಗಿ, ಡಿಫ್ರಾಕ್ಷನ್‌ನಿಂದ (ಬೆಳಕು ಬಾಗಿ ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತೆ. ಕ್ಯಾಮೆರಾ ಅಲುಗಾಡದಿರಲು ಟ್ರೈಪಾಡ್, 2 ಸೆಕೆಂಡ್ ಟೈಮರ್. ಇಬ್ಬನಿಗೆ ಒದ್ದೆಯಾದ ಕಲ್ಲು ಬೆಳ್ಳಗೆ ಹೊಳೆದರೆ ಲೆನ್ಸ್ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ತಿರುಗಿಸಿ, ಅಡಗಿದ್ದ ಬಣ್ಣ ಮೇಲೆ ಬರುತ್ತೆ.

ಇಡೀ ಬೆಟ್ಟಕ್ಕಿಂತ ಈ ಅಂಗೈಯಗಲದ ಜಾಗದಲ್ಲೇ ಊರಿನ ಗುರುತು ಹೆಚ್ಚು ಅಂತ ನನಗನಿಸುತ್ತೆ. ಕಲ್ಲುಹೂವು ಬೆಳೆಯೋದು ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ. ದಯವಿಟ್ಟು ಟ್ರೈಪಾಡ್ ಕಾಲನ್ನು ಅದರ ಮೇಲೆ ಊರಬೇಡಿ, ಬರಿಗಲ್ಲಿನ ಮೇಲಿಡಿ.