ಎಷ್ಟನೇ ಅಧ್ಯಾಯ ಕಣೋ ಇದು?

ಬುಧವಾರ ರಾತ್ರಿಯಿಂದ ಅಪ್ಪನ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. "ಎಷ್ಟನೇ ಅಧ್ಯಾಯ ಕಣೋ ಇದು?"

ಜೋರು ಮಳೆ. ಲಿಂಗರಾಜಪುರದ ನಮ್ಮ ಮನೆಯ ಹಿಂದೆ ತಗಡಿನ ಶೀಟು ಇದೆ, ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಸ್ಪೀಕರ್ ಪೂರ್ತಿ ಏರಿಸಿ, ಸೇವಿಯರ್ ಮಷೀನ್ ಅನ್ನೋ ಮೆಟಲ್ ತಂಡದ 'ಲೆಜೆಂಡ್' ಆಲ್ಬಮ್‌ನ ಮೊದಲ ಭಾಗ ಹಾಕಿಕೊಂಡು ಬಟ್ಟೆ ಮಡಚುತ್ತಿದ್ದೆ. ಅಪ್ಪ ಮಲಗಿದ್ದಾರೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಕೈ ತಾನಾಗೇ ಸ್ಪೀಕರ್ ಕಡೆ ಹೋಯಿತು.

"ಇರಲಿ ಬಿಡು," ಅಂದರು. ಸ್ವಲ್ಪ ಹೊತ್ತು ಹಾಗೇ ನಿಂತು ಕೇಳಿದರು. ಆಮೇಲೆ ಆ ಪ್ರಶ್ನೆ.

"ಪ್ರಕಟನೆ ಅಪ್ಪಾ," ಅಂದೆ. ಬೈಬಲಿನ ಕೊನೆಯ ಪುಸ್ತಕ, ಲೋಕದ ಅಂತ್ಯದ್ದು.

"ಅಂಥದ್ದೇ ಏನೋ ಅಂತ ಗೊತ್ತಾಯ್ತು. ಎಷ್ಟನೇ ಅಧ್ಯಾಯ?"

ನನಗೆ ಗೊತ್ತಿರಲಿಲ್ಲ. 20 ವರ್ಷದಿಂದ ಕೇಳುತ್ತಿದ್ದೇನೆ, ಗೊತ್ತಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಫೋನ್ ಎತ್ತಿ ಹಾಡಿನ ಹೆಸರು ಓದಿದರು. ಗಾಗ್, ಉತ್ತರದ ರಾಜರು. "ಗೋಗ! ಇದು ಪ್ರಕಟನೆ ಅಲ್ಲ ಕಣೋ, ಯೆಹೆಜ್ಕೇಲನ ಪುಸ್ತಕ, 38ನೇ ಅಧ್ಯಾಯ. ಪ್ರಕಟನೆ 20ರಲ್ಲೂ ಗೋಗ ಬರ್ತಾನೆ, ಆದರೆ ದಂಡು ಕಟ್ಟಿಕೊಂಡು ಉತ್ತರದಿಂದ ಬರೋದು ಯೆಹೆಜ್ಕೇಲನಲ್ಲಿ." ಅಷ್ಟು ಹೇಳಿ ಮಂಚದ ತುದಿಯಲ್ಲಿ ಕೂತರು. ಮಡಚಿದ ಬಟ್ಟೆ ಪಕ್ಕಕ್ಕೆ ಸರಿಸಿ ಕೂತರು, ಅಂದರೆ ಈಗಲೇ ಎದ್ದು ಹೋಗುವುದಿಲ್ಲ ಅಂತ.

ನಾನು ಕಾಯುತ್ತಿದ್ದದ್ದು ಬೈಗುಳಕ್ಕೆ. ಯಾಕೆಂದರೆ 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಮೆಟಲ್ ತಂಡ ಬಂದಾಗ ನಾನು 666 ಅಂತ ಬರೆದಿದ್ದ ಟೀ ಶರ್ಟ್ ಹಾಕಿಕೊಂಡು ಹೋಗಿದ್ದೆ. ರಾತ್ರಿ ವಾಪಸ್ ಬಂದರೆ ಅಪ್ಪ ಗೇಟಿನಲ್ಲೇ ನಿಂತಿದ್ದರು. "ಆ ಸಂಖ್ಯೆ ಮನೆಯೊಳಗೆ ಬೇಡ," ಅಂದರು, ಅಷ್ಟೇ. ಅವರಿಗೆ ಮೆಟಲ್ ಕಂಡರೆ ಆಗುವುದಿಲ್ಲ ಅಂತ ನಾನು ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಆಗ ಯುವಜನರ ಕೂಟಕ್ಕೆ ಬರುತ್ತಿದ್ದ ಒಬ್ಬ ಪ್ರಸಂಗಿ ಡ್ರಮ್ಸ್ ಬಡಿತವೇ ಸೈತಾನನದು ಅಂತ ಕೂಗಿ ಕೂಗಿ ಹೇಳುತ್ತಿದ್ದರು. ಆ ಮನುಷ್ಯ ಸುಮ್ನೆ ಮಕ್ಕಳನ್ನು ಹೆದರಿಸಿದರು ಅಂತ ನನಗೆ ಇವತ್ತಿಗೂ ಕೋಪವಿದೆ. ಅವರ ಮಾತನ್ನೂ ಅಪ್ಪನ ಮಾತನ್ನೂ ಒಂದೇ ಗಂಟಿಗೆ ಕಟ್ಟಿ ಇಟ್ಟಿದ್ದೆ. ಅಪ್ಪ ಸಂಗೀತದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೇಡ ಅಂದಿದ್ದು 666 ಅನ್ನೋ ಮೃಗದ ಸಂಖ್ಯೆಯನ್ನು, ಪ್ರಕಟನೆ 13ನೇ ಅಧ್ಯಾಯದ ಕೊನೆಯ ವಚನವನ್ನು. ಅದು ನನಗೆ ಹೊಳೆದದ್ದು ಈ ಬುಧವಾರ.

'ಲೆಜೆಂಡ್' ಕೇಳದವರಿಗೆ ಸ್ವಲ್ಪ ಹೇಳಬೇಕು. ಕ್ಯಾಲಿಫೋರ್ನಿಯಾದ ತಂಡ. ಎರಿಕ್ ಕ್ಲೇಟನ್ ಹಾಡುತ್ತಾರೆ, ಅವರ ತಮ್ಮನೋ ಅಣ್ಣನೋ, ಒಟ್ಟಿನಲ್ಲಿ ಒಡಹುಟ್ಟಿದವರು ಜೆಫ್, ಗಿಟಾರ್. ಕಿರುಚಾಟ ಇಲ್ಲ. ಬಾವಿಯ ಆಳದಿಂದ ಎದ್ದು ಬಂದ ಹಾಗಿರುವ ದಪ್ಪ ದನಿ, ಹಿಂದೆ ಪಿಯಾನೊ, ವಾದ್ಯವೃಂದ, ಇದ್ದಕ್ಕಿದ್ದಂತೆ ಗೋಡೆ ಕುಸಿದ ಹಾಗೆ ಗಿಟಾರ್. ಲೋಕದ ಅಂತ್ಯದ ಕಥೆಯನ್ನು ಮೂರು ಭಾಗದಲ್ಲಿ ಹೇಳುತ್ತೇವೆ ಅಂತ ಹೊರಟರು. ಮೊದಲನೆಯದು 1997, ಎರಡನೆಯದು 1998, ಒಂದೊಂದೂ ಒಂದು ಗಂಟೆಗಿಂತ ಜಾಸ್ತಿ. ಮೂರನೆಯದು ಎಷ್ಟು ದೊಡ್ಡದಾಯಿತು ಅಂದರೆ, ಅದನ್ನೇ ಎರಡು ಮಾಡಿದರು. ಅದರ ಮೊದಲರ್ಧ 2001ರಲ್ಲಿ ಬಂತು. ಉಳಿದರ್ಧ ಬರಲೇ ಇಲ್ಲ.

ಇದನ್ನು ಅಪ್ಪನಿಗೆ ಹೇಳಿದೆ. ಅವರ ಮುಖ ಬದಲಾಯಿತು.

"ಹಾಗಾದರೆ ಪ್ರಕಟನೆ 21 ಇಲ್ವಾ?"

"ಇಲ್ಲ ಅಪ್ಪಾ. ಕಥೆ ಮುಗಿಯಬೇಕಿದ್ದ ಭಾಗವೇ ಬರಲಿಲ್ಲ."

"ಅದಿಲ್ಲದೆ ಹೆಂಗೋ? ಬರೀ ಕುದುರೆ, ತುತೂರಿ, ರಕ್ತ ಹೇಳಿ ನಿಲ್ಲಿಸಿಬಿಟ್ಟರೆ ಕೇಳಿದವರು ಏನು ಮಾಡಬೇಕು?"

ದನಿಯಲ್ಲಿ ನಿಜವಾದ ಸಂಕಟ ಇತ್ತು. ನನಗೆ ಪ್ರಕಟನೆ ಅಂದರೆ ಚಿಕ್ಕಂದಿನಿಂದಲೂ ಆ ಕುದುರೆಗಳೇ. ಬಿಳಿ, ಕೆಂಪು, ಕಪ್ಪು, ಕೊನೆಗೆ ಬಣ್ಣಗೆಟ್ಟ ಕುದುರೆ, ಅದರ ಮೇಲೆ ಕೂತವನ ಹೆಸರೇ ಮರಣ. ಘಟಸರ್ಪ, ಏಳು ತಲೆಯ ಮೃಗ. 22 ಅಧ್ಯಾಯದ ಪುಸ್ತಕದಲ್ಲಿ ನಾನು 20 ದಾಟಿದ್ದೇ ಕಡಿಮೆ. ಅಪ್ಪ ಓದುತ್ತಿದ್ದದ್ದು ಆ ಕೊನೆಯ ಎರಡು. ಅವರು ಚರ್ಚಿನ ಸಭೆಯಲ್ಲಿ ಸತ್ಯವೇದ ವಾಚನ ಮಾಡುವವರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅದನ್ನು ಓದುತ್ತಾ ಎಷ್ಟು ಸಲ ನಿಂತಿದ್ದಾರೋ ಲೆಕ್ಕವಿಲ್ಲ. 2021ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಅಲ್ಲಿಗೂ ಹೋಗುವ ಹಾಗಿರಲಿಲ್ಲ. ನಮ್ಮ ಅಡುಗೆಮನೆಯ ಸ್ಟೂಲ್ ಮೇಲೆ ಕೂತು, ಫೋನ್ ಸ್ಪೀಕರ್‌ಗೆ ಹಾಕಿ, 21ನೇ ಅಧ್ಯಾಯ ಓದುತ್ತಿದ್ದರು. ಹೊಸ ಆಕಾಶ, ಹೊಸ ಭೂಮಿ, ಕಣ್ಣೀರನ್ನೆಲ್ಲ ದೇವರು ಒರೆಸುತ್ತಾನೆ, ಇನ್ನು ಮರಣವಿಲ್ಲ. ಆ ಕಡೆಯಿಂದ ಯಾರೋ ಅಳುವ ಸದ್ದು. ಅಪ್ಪ ಅದು ನಿಲ್ಲುವವರೆಗೆ ಕಾದು ಮುಂದಿನ ವಚನಕ್ಕೆ ಹೋಗುತ್ತಿದ್ದರು. ಒಂದು ದಿನ ಹೀಗೆ ಮೂರು ಮನೆಗೆ ಓದಿದರು. ನಾನು ಪಕ್ಕದ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಕೇಳುತ್ತಿದ್ದದ್ದು ಇದೇ ಆಲ್ಬಮ್.

ನನಗೆ ಈ ಸಂಗೀತ ಇನ್ನೂ ಅಷ್ಟೇ ಇಷ್ಟ. ಹೆದರಿಕೆಯನ್ನು ಇಷ್ಟು ದೊಡ್ಡದಾಗಿ, ಇಷ್ಟು ಚೆಂದವಾಗಿ ಕಟ್ಟಿದವರು ಕಡಿಮೆ. ಆ ಮೇ ತಿಂಗಳಲ್ಲಿ ನನ್ನೊಳಗೆ ಇದ್ದದ್ದಕ್ಕೆ ಸರಿಸಮವಾದ ಸದ್ದು ಬೇರೆ ಎಲ್ಲೂ ಸಿಗಲಿಲ್ಲ. ಆದರೆ ಒಂದೇ ಪುಸ್ತಕವನ್ನು ಒಂದು ಗೋಡೆಯ ಆಚೆ ಈಚೆ ಕೂತು ಇಬ್ಬರೂ ಹಿಡಿದುಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಬಹುದಿತ್ತು ಅಲ್ವಾ?

ನಿನ್ನೆ ಸಂಜೆ ಊಟಕ್ಕೆ ಮುಂಚೆ ಅಪ್ಪ ಸತ್ಯವೇದ ಹಿಡಿದುಕೊಂಡು ನನ್ನ ರೂಮಿಗೆ ಬಂದರು. "ಆ 2001ರದ್ದು ಇದೆಯಲ್ಲ, ಅದನ್ನು ಹಾಕು," ಅಂದರು. ಪೂರ್ತಿ ಕೇಳಿದರು. ನಡುವೆ ಒಂದು ಸಲ ಕಣ್ಣು ಮುಚ್ಚಿದರು, ನಿದ್ದೆ ಬಂತೇನೋ ಅಂದುಕೊಂಡೆ, ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಕೊನೆಯ ಹಾಡು ಮುಗಿಯಿತು. ಸ್ಪೀಕರ್ ಆಫ್ ಮಾಡು ಅಂತ ಕೈಸನ್ನೆ ಮಾಡಿ, ಕನ್ನಡಕ ಏರಿಸಿ, ಪುಸ್ತಕದ ಕೊನೆಯ ಹಾಳೆಗಳಿಗೆ ಹೋದರು.

"ಈಗ ಉಳಿದದ್ದು ನಾನು ಓದ್ತೀನಿ, ಕೇಳು."