ಮಿನಿಡಿವಿ ಕ್ಯಾಸೆಟ್‌ನಿಂದ ಡಿವಿಡಿಗೆ: ಹನ್ನೊಂದು ಡಿಸ್ಕ್‌ಗಳ ಲೆಕ್ಕ

ಮನೆಯಲ್ಲಿ ಹನ್ನೊಂದು ಮಿನಿಡಿವಿ ಕ್ಯಾಸೆಟ್‌ಗಳಿವೆ. ಪ್ರತಿಯೊಂದೂ ಅರವತ್ತು ನಿಮಿಷದ್ದು. ಅವುಗಳಲ್ಲಿ ಚಿತ್ರೀಕರಿಸಿದ ಕ್ಯಾಮ್‌ಕಾರ್ಡರ್ ಇನ್ನೂ ನಡೆಯುತ್ತಿದೆಯಾದರೂ ಕ್ಯಾಸೆಟ್ ಒಳಗೆಳೆದುಕೊಳ್ಳುವಾಗ ಮೊದಲಿಗಿಂತ ಹೆಚ್ಚು ಕಿರುಗುಟ್ಟುತ್ತದೆ. ಅದು ಕೈಕೊಡುವ ಮೊದಲು ಎಲ್ಲವನ್ನೂ ಡಿವಿಡಿಗೆ ಇಳಿಸಿಬಿಡಬೇಕೆಂದು ಈ ಕೆಲಸಕ್ಕೆ ಕೈಹಾಕಿದೆ. ಪೆನ್‌ಡ್ರೈವ್‌ಗೆ ಹಾಕಿದ್ದರೆ ಸುಲಭವಾಗುತ್ತಿತ್ತು ಎಂಬುದು ನಿಜ. ಆದರೆ ಈ ದೃಶ್ಯಗಳನ್ನು ನೋಡಬೇಕಾದ ಅಪ್ಪ ಅಮ್ಮನಿಗೆ ಗೊತ್ತಿರುವುದು ಡಿಸ್ಕ್ ಹಾಕಿ ರಿಮೋಟ್ ಒತ್ತುವುದು. ಅದನ್ನು ಬದಲಿಸುವ ಉದ್ದೇಶ ನನಗಿರಲಿಲ್ಲ.

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ತರುವ ಹಂತದಲ್ಲಿ ಹೆಚ್ಚು ತೊಡಕಾಗಲಿಲ್ಲ. ಫೈರ್‌ವೈರ್ ತಂತಿಯ ಮೂಲಕ ತಂದರೆ ಟೇಪಿನ ಮೇಲಿರುವ ಡಿಜಿಟಲ್ ಮಾಹಿತಿ ಇದ್ದದ್ದು ಇದ್ದ ಹಾಗೆಯೇ ಬರುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಫೈಲು ಸುಮಾರು 13 ಜಿಬಿ ಆಗುತ್ತದೆ. ನನ್ನ ಕ್ಯಾಮರಾ ಪಾಲ್ ಎಂಬ ಟಿವಿ ಪದ್ಧತಿಯದು: 720×576 ಚಿತ್ರ, ಸೆಕೆಂಡಿಗೆ 25 ಫ್ರೇಮ್. ಪರೀಕ್ಷೆಗೆ ಎರಡು ಪ್ಲೇಯರ್‌ಗಳಿವೆ. ಒಂದು ಹಾಲ್‌ನಲ್ಲಿರುವ ಹಳೆಯದು, ಇನ್ನೊಂದು ಅದಕ್ಕಿಂತ ಈಚಿನದು.

ಡಿಸ್ಕ್ 1

ಇದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ. ಸಿದ್ಧವಾದ ವಿಡಿಯೋ ಫೈಲನ್ನು ಎಳೆದು ಡಿಸ್ಕಿನ ಮೇಲೆ ಹಾಕಿ ಬರ್ನ್ ಮಾಡಿದೆ. ಕಂಪ್ಯೂಟರಿನಲ್ಲಿ ಓಡಿತು, ಎರಡೂ ಪ್ಲೇಯರ್‌ಗಳು ಒಪ್ಪಲಿಲ್ಲ. ಡಿವಿಡಿ ಪ್ಲೇಯರ್ ಹುಡುಕುವುದು ‘ವಿಡಿಯೋ_ಟಿಎಸ್’ ಎಂಬ ಫೋಲ್ಡರನ್ನು, ಅದರೊಳಗೆ ದೃಶ್ಯವಿರುವ ವಿಒಬಿ ಫೈಲುಗಳನ್ನು, ಅವುಗಳಿಗೆ ದಾರಿ ತೋರಿಸುವ ಐಎಫ್‌ಒ ಫೈಲುಗಳನ್ನು. ಅವಿಲ್ಲದ ಡಿಸ್ಕು ಅದರ ಪಾಲಿಗೆ ಬರೀ ಫೈಲುಗಳ ಗಂಟು.

ಡಿಸ್ಕ್ 2 ಮತ್ತು 3

ಈ ಸಲ ಕ್ರಮಬದ್ಧವಾಗಿ ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಕುಗ್ಗಿಸಿ, ಅಂದರೆ ಎನ್‌ಕೋಡ್ ಮಾಡಿ, ಫೋಲ್ಡರ್ ರಚನೆ ಮಾಡಿ, ಪ್ಲೇಯರ್‌ಗಳು ಓದುವಂತೆ ಕೊನೆಗೆ ಮುಚ್ಚಿದ (ಫೈನಲೈಸ್ ಮಾಡಿದ) ಡಿಸ್ಕು. ಈಚಿನ ಪ್ಲೇಯರ್‌ನಲ್ಲಿ ಅಲ್ಲಲ್ಲಿ ಮುಗ್ಗರಿಸಿತು. ಹಳೆಯದರಲ್ಲಿ ಚಿತ್ರ ಅರ್ಧ ಸೆಕೆಂಡು ಕಲ್ಲಾಗಿ ನಿಂತು ಮತ್ತೆ ಹೊರಡುತ್ತಿತ್ತು. ಡಿಸ್ಕು ಅಗ್ಗದ್ದು ಎಂದುಕೊಂಡು ಬೇರೆ ತಯಾರಿಕೆಯ ಡಿಸ್ಕಿಗೆ ಅದನ್ನೇ ಬರ್ನ್ ಮಾಡಿದೆ. ಅದೂ ಹಾಗೆಯೇ ಮುಗ್ಗರಿಸಿತು.

ಇಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಕಾಗದ ಪೆನ್ನು ಹಿಡಿದು ಕೂತದ್ದು. ಎರಡೂ ಡಿಸ್ಕುಗಳನ್ನು ಮೊದಲಿನಿಂದ ಓಡಿಸಿ, ಚಿತ್ರ ನಿಂತಾಗಲೆಲ್ಲ ಪ್ಲೇಯರ್ ತೋರಿಸುವ ಸಮಯವನ್ನು ಬರೆದುಕೊಂಡೆ: 7:42, 12:15, 31:08. ಎರಡೂ ಡಿಸ್ಕುಗಳ ಪಟ್ಟಿ ಒಂದೇ. ಡಿಸ್ಕಿನ ದೋಷವಾಗಿದ್ದರೆ ಎರಡು ಬೇರೆ ಬೇರೆ ಡಿಸ್ಕುಗಳು ಒಂದೇ ಸೆಕೆಂಡಿನಲ್ಲಿ ಎಡವಲು ಕಾರಣವೇ ಇಲ್ಲ; ಹಾಗಾದರೆ ತಪ್ಪು ಫೈಲಿನಲ್ಲಿದೆ. ಆ ಮೂರೂ ಕಡೆ ಇದ್ದದ್ದು ಮಳೆಯಲ್ಲಿ ನೆನೆಯುತ್ತಿರುವ ಮರದ ದೃಶ್ಯ. ಸಾವಿರಾರು ಎಲೆಗಳು ಒಂದೊಂದೂ ಬೇರೆ ದಿಕ್ಕಿಗೆ ಅಲ್ಲಾಡುವಾಗ ಒಂದು ಫ್ರೇಮಿಗೂ ಮುಂದಿನದಕ್ಕೂ ಹೋಲಿಕೆ ಕಡಿಮೆ, ಆದ್ದರಿಂದ ಎನ್‌ಕೋಡರ್ ಅಲ್ಲಿ ಬಿಟ್‌ಗಳನ್ನು ಧಾರಾಳವಾಗಿ ಸುರಿಯುತ್ತದೆ.

ಲೆಕ್ಕ ಹಾಕಿದಾಗ ಕಾರಣ ಎದುರಿಗೇ ಇತ್ತು. ಡಿವಿಡಿ ನಿಯಮದ ಪ್ರಕಾರ ದೃಶ್ಯದ ಬಿಟ್‌ರೇಟ್, ಅಂದರೆ ಮಾಹಿತಿ ಹರಿಯುವ ವೇಗ, ಸೆಕೆಂಡಿಗೆ 9.8 ಮೆಗಾಬಿಟ್ ಮೀರಬಾರದು, ದೃಶ್ಯ ಧ್ವನಿ ಎಲ್ಲ ಸೇರಿ 10.08 ಮೀರಬಾರದು. ನಾನು ದೃಶ್ಯದ ಗರಿಷ್ಠ ಮಿತಿಯನ್ನು 9.2 ಎಂದು ಇಟ್ಟಿದ್ದೆ. ಅಷ್ಟಕ್ಕೇ ನೋಡಿದರೆ ಅದು ನಿಯಮದೊಳಗೇ ಇದೆ. ಆದರೆ ಧ್ವನಿಯ ಗುಣಮಟ್ಟ ಕೆಡಬಾರದೆಂಬ ಆಸೆಯಿಂದ ಅದನ್ನು ಕುಗ್ಗಿಸದೆ ಪಿಸಿಎಂ ರೂಪದಲ್ಲೇ ಬಿಟ್ಟಿದ್ದೆ, ಮತ್ತು 48 ಕಿಲೋಹರ್ಟ್ಸ್‌ನ 16 ಬಿಟ್ ಸ್ಟೀರಿಯೋ ಪಿಸಿಎಂ ಒಂದೇ 1.536 ಮೆಗಾಬಿಟ್ ನುಂಗುತ್ತದೆ. ಎರಡೂ ಸೇರಿದರೆ 10.736. ಕಂಪ್ಯೂಟರಿನ ಡ್ರೈವ್ ಡಿಸ್ಕನ್ನು ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓದಬಲ್ಲದು, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಹಾಲ್‌ನ ಪ್ಲೇಯರ್ ನಿಯಮಕ್ಕೆ ತಕ್ಕಷ್ಟೇ ಓದುತ್ತದೆ, ಓದಿದ್ದನ್ನು ಕೂಡಿಟ್ಟುಕೊಳ್ಳುವ ಅದರ ಬಫರ್ ಖಾಲಿಯಾದಾಗ ಚಿತ್ರ ನಿಲ್ಲುತ್ತದೆ. ದೃಶ್ಯ ಮತ್ತು ಧ್ವನಿಯನ್ನು ಜೋಡಿಸುವಾಗ ತಂತ್ರಾಂಶವು ಹಳದಿ ಅಕ್ಷರದಲ್ಲಿ ಇದನ್ನೇ ಎಚ್ಚರಿಸಿತ್ತು, ನಾನು ಓದದೆ ‘ಸರಿ’ ಒತ್ತಿದ್ದೆ.

ಧ್ವನಿಯನ್ನು 256 ಕಿಲೋಬಿಟ್‌ನ ಎಸಿ-3 ಎಂಬ ಕುಗ್ಗಿಸಿದ ರೂಪಕ್ಕೆ ಬದಲಿಸಿ, ದೃಶ್ಯದ ಗರಿಷ್ಠವನ್ನು 8ಕ್ಕೆ ಇಳಿಸಿದೆ. ಸಂಭಾಷಣೆ, ನಗು, ಗಾಳಿಯ ಸದ್ದು ಇಷ್ಟೇ ಇರುವ ಟೇಪುಗಳಿಗೆ ಪಿಸಿಎಂ ಬೇಕೆಂದು ಹಟ ಹಿಡಿದದ್ದು ನನ್ನ ಅತಿಯಾಸೆ.

ಡಿಸ್ಕ್ 4 ಮತ್ತು 5

ಡಿಸ್ಕುಗಳು ವ್ಯರ್ಥವಾಗುವುದನ್ನು ತಪ್ಪಿಸಲು ಪರೀಕ್ಷೆಗೆ ಮರುಬಳಕೆಯ ಡಿವಿಡಿ-ಆರ್‌ಡಬ್ಲ್ಯೂ ತಂದುಕೊಂಡೆ. ಹಳೆಯ ಪ್ಲೇಯರ್ ಅದನ್ನು ಗುರುತಿಸಲೇ ಇಲ್ಲ. ಆರ್‌ಡಬ್ಲ್ಯೂ ಡಿಸ್ಕು ಲೇಸರ್ ಬೆಳಕನ್ನು ಹಿಂತಿರುಗಿಸುವುದು ಸಾಮಾನ್ಯ ಡಿವಿಡಿ-ಆರ್‌ಗಿಂತ ಬಹಳ ಕಡಿಮೆ, ಎರಡು ಪದರದ ಡಿಸ್ಕಿನ ಹತ್ತಿರಹತ್ತಿರ ಇರುತ್ತದೆ. ಹಳೆಯ ಪ್ಲೇಯರ್‌ಗಳು ಅಲ್ಲೇ ತಬ್ಬಿಬ್ಬಾಗುತ್ತವೆ. ಈಚಿನ ಪ್ಲೇಯರ್‌ನಲ್ಲಿ ಓಡಿತು, ಮಳೆಯ ಮರ ಒಮ್ಮೆಯೂ ನಿಲ್ಲಲಿಲ್ಲ.

ಆದರೆ ನಿಂತು ಹೊರಡುವ ತೊಂದರೆ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕಣ್ಣಿಗೆ ಬಿತ್ತು. ತಂಗಿ ಸೈಕಲ್ ಕಲಿಯುತ್ತಿರುವ ದೃಶ್ಯವೊಂದಿದೆ; ಅವಳು ಎಡದಿಂದ ಬಲಕ್ಕೆ ಪರದೆಯನ್ನು ದಾಟುತ್ತಾಳೆ. ಟಿವಿಯಲ್ಲಿ ಆ ಸೈಕಲ್ ಮುಂದೆ ಹೋಗುತ್ತಲೇ ಕೂದಲೆಳೆಯಷ್ಟು ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಹಾರುತ್ತಿತ್ತು, ಸೆಕೆಂಡಿಗೆ ಇಪ್ಪತ್ತೈದು ಬಾರಿ. ಚಕ್ರದ ಕಡ್ಡಿಗಳು ಎರಡೆರಡಾಗಿ ನಡುಗುತ್ತಿದ್ದವು. ಗೋಡೆ, ಗಿಡ, ನಿಂತ ಜನ ಎಲ್ಲ ಅಚ್ಚುಕಟ್ಟಾಗಿದ್ದವು. ಚಲಿಸುವುದು ಮಾತ್ರ ನಡುಗುತ್ತಿತ್ತು.

ಇದು ಫೀಲ್ಡ್‌ಗಳ ಸರದಿ ತಪ್ಪಿದಾಗ ಕಾಣುವ ಲಕ್ಷಣ. ಕ್ಯಾಮ್‌ಕಾರ್ಡರ್ ಒಂದು ಫ್ರೇಮನ್ನು ಒಮ್ಮೆಗೇ ಹಿಡಿಯುವುದಿಲ್ಲ. ಒಂದು ಬಿಟ್ಟು ಒಂದರಂತೆ ಗೆರೆಗಳಿರುವ ಎರಡು ಫೀಲ್ಡ್‌ಗಳನ್ನು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಹಿಡಿಯುತ್ತದೆ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ನನ್ನ ಎನ್‌ಕೋಡರ್‌ನಲ್ಲಿ ಮೇಲಿನ ಫೀಲ್ಡ್ ಮೊದಲು ಎಂದು ಇತ್ತು, ಹಾಗಾಗಿ ಪ್ಲೇಯರ್ ಪ್ರತಿ ಜೋಡಿಯಲ್ಲೂ ನಂತರದ ಕ್ಷಣವನ್ನು ಮೊದಲು, ಮೊದಲಿನ ಕ್ಷಣವನ್ನು ನಂತರ ತೋರಿಸುತ್ತಿತ್ತು. ಡಿವಿಡಿಗೆ ಎರಡು ಕ್ರಮವೂ ಒಪ್ಪಿಗೆ. ಫೈಲಿನಲ್ಲಿ ಬರೆದ ಗುರುತು ನಿಜಕ್ಕೆ ಹೊಂದಿರಬೇಕು, ಅಷ್ಟೇ.

ಕಂಪ್ಯೂಟರಿನಲ್ಲಿ ಇದು ಕಾಣದೆ ಹೋದದ್ದಕ್ಕೂ ಕಾರಣವಿದೆ. ಎರಡೂ ಫೀಲ್ಡ್‌ಗಳನ್ನು ಹೆಣೆದು ಒಂದೇ ಚಿತ್ರವಾಗಿ ತೋರಿಸಿದಾಗ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಬರುತ್ತವೆ, ಸರದಿ ಸರಿಯಿದ್ದರೂ ಬರುತ್ತವೆ, ತಪ್ಪಿದ್ದರೂ ಬರುತ್ತವೆ. ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶದಲ್ಲಿ ಹೆಣೆದ ಫೀಲ್ಡ್‌ಗಳನ್ನು ಬಿಡಿಸುವ ಡಿಇಂಟರ್‌ಲೇಸ್ ಆನ್ ಮಾಡಿ ‘ಬಾಬ್’ ವಿಧಾನ ಆರಿಸಿದರೆ ಅದು ಒಂದೊಂದು ಫೀಲ್ಡನ್ನೂ ಬೇರೆಯಾಗಿ ತೋರಿಸುತ್ತದೆ; ಹಾಗೆ ನೋಡಿದ ಕೂಡಲೇ ಸೈಕಲ್ ನನ್ನ ಮೇಜಿನ ಮೇಲೂ ನಡುಗಿತು. ಈಗ ಪ್ರತಿ ಟೇಪಿನಲ್ಲೂ ಅಡ್ಡಲಾಗಿ ಏನಾದರೂ ಓಡುವ ಒಂದು ನಿಮಿಷವನ್ನು ಮೊದಲು ಎನ್‌ಕೋಡ್ ಮಾಡಿ ಹೀಗೆ ನೋಡುತ್ತೇನೆ. ಗುರುತೊಂದೇ ತಪ್ಪಿದ್ದರೆ ಮತ್ತೆ ಎನ್‌ಕೋಡ್ ಮಾಡದೆ ಅದನ್ನಷ್ಟೇ ತಿದ್ದುವ ಉಪಕರಣಗಳಿವೆ, ಆದರೆ ಗಂಟೆ ಉದ್ದದ ಟೇಪಿಗೆ ಮತ್ತೆ ಎನ್‌ಕೋಡ್ ಮಾಡುವುದು ರಾತ್ರಿ ಹಚ್ಚಿಟ್ಟು ಮಲಗುವ ಕೆಲಸವಾದ್ದರಿಂದ ನಾನು ಅದನ್ನೇ ಮಾಡಿದೆ.

ಡಿಸ್ಕ್ 5 ಸಾಮಾನ್ಯ ಡಿವಿಡಿ-ಆರ್. ಎರಡೂ ಪ್ಲೇಯರ್‌ಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಓಡಿತು. ಮೊದಲ ಕ್ಯಾಸೆಟ್ ಮುಗಿಯಿತು.

ಡಿಸ್ಕ್ 6

ಎರಡನೆಯ ಕ್ಯಾಸೆಟ್ಟಿನಲ್ಲಿ ಇಪ್ಪತ್ತೆರಡು ನಿಮಿಷದವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದಾಚೆ ಅಜ್ಜಿಯ ಧ್ವನಿ ಏಕಾಏಕಿ ಕೀರಲಾಗಿ, ತುಟಿ ಅಲ್ಲಾಡುವ ಮೊದಲೇ ಮಾತು ಕೇಳತೊಡಗಿತು. ಡಿವಿ ಟೇಪಿನಲ್ಲಿ ಧ್ವನಿಯನ್ನು 16 ಬಿಟ್‌ನಲ್ಲಿ 48 ಕಿಲೋಹರ್ಟ್ಸ್‌ಗೆ ಅಥವಾ 12 ಬಿಟ್‌ನಲ್ಲಿ 32 ಕಿಲೋಹರ್ಟ್ಸ್‌ಗೆ ಮುದ್ರಿಸಬಹುದು. ಟೇಪಿನ ಅರ್ಧದಲ್ಲಿ ಯಾರೋ ಕ್ಯಾಮರಾದ ಆ ಆಯ್ಕೆಯನ್ನು ಬದಲಿಸಿದ್ದಾರೆ. ಟೇಪನ್ನು ಒಂದೇ ಫೈಲಾಗಿ ಇಳಿಸಿಕೊಂಡಾಗ ತಂತ್ರಾಂಶ ಮೊದಲಲ್ಲಿ ಕಂಡ 48ನ್ನೇ ಕೊನೆಯವರೆಗೆ ನಂಬಿತು. 32ರ ಧ್ವನಿಯನ್ನು 48ರ ವೇಗದಲ್ಲಿ ಓಡಿಸಿದರೆ ಮಾತು ಒಂದೂವರೆ ಪಟ್ಟು ಧಾವಿಸುತ್ತದೆ. ಬದಲಾವಣೆಯಾಗುವ ಜಾಗದಲ್ಲಿ ಟೇಪನ್ನು ನಿಲ್ಲಿಸಿ ಎರಡು ಫೈಲುಗಳಾಗಿ ಇಳಿಸಿಕೊಂಡು, ಎರಡನೆಯದರ ಧ್ವನಿಯನ್ನು 48ಕ್ಕೆ ಪರಿವರ್ತಿಸಿ ಜೋಡಿಸಿದೆ. ಡಿವಿಡಿಯಲ್ಲಿ 32ಕ್ಕೆ ಜಾಗವಿಲ್ಲ. ಬರ್ನ್ ಮಾಡುವ ಮುನ್ನ ಫೈಲನ್ನು ನಡುವೆ ಒಮ್ಮೆ ಕೇಳಿದ್ದರೆ ಡಿಸ್ಕ್ 6 ಉಳಿಯುತ್ತಿತ್ತು.

ಡಿಸ್ಕ್ 7ರಿಂದ 10

ಎರಡು ಮತ್ತು ಮೂರನೆಯ ಕ್ಯಾಸೆಟ್ಟುಗಳು ಒಂದೇ ಪ್ರವಾಸದವು, ಆದ್ದರಿಂದ ಎರಡನ್ನೂ ಒಂದೇ ಡಿಸ್ಕಿಗೆ ಹಾಕಲು ಮನಸ್ಸಾಯಿತು. ಡಿಸ್ಕಿನ ಮೇಲೆ 4.7 ಜಿಬಿ ಎಂದಿರುವುದು ಕಂಪ್ಯೂಟರಿನ ಎಣಿಕೆಯಲ್ಲಿ 4.38 ಎಂದು ಕಾಣುತ್ತದೆ. ನೂರಿಪ್ಪತ್ತು ನಿಮಿಷಕ್ಕೆ ಹಂಚಿದರೆ ದೃಶ್ಯ ಧ್ವನಿ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಚಿತ್ರ ತುಸು ಮೆತ್ತಗಾಯಿತು, ಸಹಿಸಬಹುದಾದಷ್ಟು. 16 ಪಟ್ಟು ವೇಗದಲ್ಲಿ ಬರ್ನ್ ಮಾಡಿ, ಅಂದವಾಗಿರಲೆಂದು ಮುದ್ರಿಸಿದ ಕಾಗದದ ಲೇಬಲ್ ಅಂಟಿಸಿದೆ.

ಹಳೆಯ ಪ್ಲೇಯರ್‌ನಲ್ಲಿ ಕೊನೆಯ ಹದಿನೈದು ನಿಮಿಷ ಚೌಕಚೌಕವಾಗಿ ಒಡೆದು ನಿಂತಿತು. ಮತ್ತೆ ಪೆನ್ನು ಹಿಡಿದೆ: ಮೊದಲ ಸಲ 1:47ರಲ್ಲಿ, ಎರಡನೆಯ ಸಲ 1:51ರಲ್ಲಿ, ಮೂರನೆಯ ಸಲ 1:46ರಲ್ಲಿ. ಈ ಸಲ ಜಾಗ ಬದಲಾಗುತ್ತಿತ್ತು, ಅಂದರೆ ಫೈಲು ನಿರಪರಾಧಿ. ಡಿವಿಡಿಯನ್ನು ಒಳಗಿನಿಂದ ಹೊರಗೆ ಓದಲಾಗುತ್ತದೆ. ಕೊನೆಯ ನಿಮಿಷಗಳು ಅಂಚಿನಲ್ಲಿರುತ್ತವೆ, ಡಿಸ್ಕು ಬಾಗಿದ್ದರೆ ಅಥವಾ ತೂಗಾಡಿದರೆ ಅಲ್ಲಿಯೇ ಹೆಚ್ಚು ಕಷ್ಟ.

ಡಿಸ್ಕ್ 8ನ್ನು ಲೇಬಲ್ ಇಲ್ಲದೆ, 8 ಪಟ್ಟು ವೇಗದಲ್ಲಿ ಬರ್ನ್ ಮಾಡಿದೆ, ಸರಾಗವಾಗಿ ಓಡಿತು. ಆದರೆ ಒಮ್ಮೆಗೇ ಎರಡನ್ನೂ ಬದಲಿಸಿದ್ದರಿಂದ ಯಾವುದು ತಪ್ಪಿತಸ್ಥ ಎಂದು ತಿಳಿಯಲಿಲ್ಲ, ಹಾಗೆಯೇ ಬಿಟ್ಟು ಮುಂದೆ ಹೋಗಲು ಮನಸ್ಸೂ ಬರಲಿಲ್ಲ. ಡಿಸ್ಕ್ 9: 8 ಪಟ್ಟು ವೇಗ, ಲೇಬಲ್ ಇದೆ, ಕೊನೆಯಲ್ಲಿ ನಿಂತಿತು. ಡಿಸ್ಕ್ 10: 16 ಪಟ್ಟು ವೇಗ, ಲೇಬಲ್ ಇಲ್ಲ; ಓಡಿತು. ಲೇಬಲ್ಲನ್ನು ಕಿತ್ತು ನೋಡೋಣವೆಂದು 9ರದ್ದನ್ನು ಎಳೆದೆ. ಅರ್ಧ ಬಂದು ಅರ್ಧ ಅಂಟಿಕೊಂಡಿತು, ಆ ಡಿಸ್ಕು ಈಗ ಬಟ್ಟಲಿನಡಿ ಇಡಲು ಸರಿ. ಬರವಣಿಗೆಗೆ ನೀರಿನ ಆಧಾರದ ಶಾಯಿಯ ಮಾರ್ಕರ್ ಸಾಕು. ವೇಗವನ್ನು 8ರಲ್ಲೇ ಇಟ್ಟುಕೊಂಡಿದ್ದೇನೆ, 16ಕ್ಕೆ ಏರಿಸಿದರೂ ಉಳಿಯುವುದು ಕೆಲವೇ ನಿಮಿಷ. ಪ್ರತಿ ಬರ್ನ್ ಆದ ಮೇಲೆ ಡಿಸ್ಕನ್ನು ಮೂಲಕ್ಕೆ ಹೋಲಿಸುವ ಪರಿಶೀಲನೆಯನ್ನೂ ಮಾಡಿಸುತ್ತೇನೆ.

ಡಿಸ್ಕ್ 11

ನಾಲ್ಕನೆಯ ಕ್ಯಾಸೆಟ್ಟನ್ನು ಅಗಲ ಪರದೆಯ ಕ್ರಮದಲ್ಲಿ ತೆಗೆಯಲಾಗಿದೆ. ಪಾಲ್ ಡಿವಿಯಲ್ಲಿ 4:3 ಇರಲಿ, 16:9 ಇರಲಿ, ಚಿತ್ರದ ಅಳತೆ 720×576 ಒಂದೇ. ಹೇಗೆ ಹಿಗ್ಗಿಸಬೇಕೆಂದು ಗುರುತೊಂದು ಹೇಳುತ್ತದೆ. ಪರೀಕ್ಷೆಯ ಒಂದು ನಿಮಿಷದಲ್ಲೇ ಎಲ್ಲರ ಮುಖ ಸೋರೆಕಾಯಿಯಂತೆ ಉದ್ದವಾಗಿದ್ದುದನ್ನು ಕಂಡು, ಎಂಪೆಗ್ ಫೈಲಿನಲ್ಲೂ ಐಎಫ್‌ಒದಲ್ಲೂ 16:9 ಎಂದು ಸರಿಪಡಿಸಿದ ಮೇಲೆಯೇ ಬರ್ನ್ ಮಾಡಿದೆ.

ಇದೇ ಟೇಪಿನ ಮೂವತ್ತನೆಯ ನಿಮಿಷದ ಸುಮಾರಿಗೆ ಅಡ್ಡಪಟ್ಟಿಯಾಗಿ ಚೌಕಗಳು ಮೂಡಿ ಮಾಯವಾಗುತ್ತವೆ. ಕಂಪ್ಯೂಟರಿಗೆ ಇಳಿಸಿದ ಮೂಲ ಫೈಲಿನಲ್ಲೇ ಅವು ಇರುವುದರಿಂದ ಎನ್‌ಕೋಡರನ್ನೂ ಡಿಸ್ಕನ್ನೂ ದೂರಿ ಪ್ರಯೋಜನವಿಲ್ಲ. ಟೇಪನ್ನು ಓದುವ ಹೆಡ್ ಶುಚಿಗೊಳಿಸುವ ಒಣ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ಮತ್ತೆ ಇಳಿಸಿಕೊಂಡಾಗ ಎರಡು ಕಡೆ ಹೋಯಿತು, ಒಂದು ಕಡೆ ಉಳಿಯಿತು. ಉಳಿದದ್ದು ಟೇಪಿನದೇ ಗಾಯವಿರಬೇಕು. ಅದನ್ನು ಹಾಗೆಯೇ ಬಿಟ್ಟೆ.

ಸದ್ಯಕ್ಕೆ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ನಾಲ್ಕು ಮುಗಿದಿವೆ. ಇಳಿಸಿದ ಮೂಲ ಡಿವಿ ಫೈಲುಗಳನ್ನು ಅಳಿಸುತ್ತಿಲ್ಲ; ಎಲ್ಲ ಸೇರಿ 143 ಜಿಬಿ ಆಗಬಹುದು, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಒಂದೊಂದು ಪ್ರತಿ ಇಡುತ್ತಿದ್ದೇನೆ. ಐದನೆಯ ಕ್ಯಾಸೆಟ್ಟು ಕ್ಯಾಮರಾದೊಳಗಿದೆ, ಪೂರ್ತಿ ಮುಂದಕ್ಕೂ ಹಿಂದಕ್ಕೂ ಒಮ್ಮೆ ಸುತ್ತಿಸಿ ಟೇಪಿನ ಬಿಗಿ ಸಡಿಲಿಸಿದ್ದೇನೆ. ಧ್ವನಿ 12 ಬಿಟ್‌ನದೋ 16ರದೋ ಎಂದು ನಡುನಡುವೆ ನಿಲ್ಲಿಸಿ ನೋಡಿಕೊಂಡ ನಂತರ ನಾಳೆ ಇಳಿಸಿಕೊಳ್ಳುತ್ತೇನೆ.